ಎಡಿಸನ್‌ನಿಂದ ಫ್ರೀಮಾಂಟ್‌ಗೆ ನಾಲ್ಕು ಜನ, ಒಂದು ಹಳೇ ಕಾರು: ಯಾವ ದಾರಿ ಹಿಡಿಯೋಣ?

ಮೂರನೇ ಬೆಂಚು · ಆಗಸ್ಟ್ 21

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಹಾಸನದಲ್ಲಿ ಒಂದೇ ಹಾಸ್ಟೆಲ್‌ನಲ್ಲಿ ಇದ್ದವರು. ಈಗ ಎಲ್ಲರೂ ಅಮೆರಿಕದಲ್ಲಿ: ಒಬ್ಬ ನ್ಯೂಜೆರ್ಸಿಯ ಎಡಿಸನ್, ಒಬ್ಬ ಷಾರ್ಲಟ್, ಒಬ್ಬ ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ನಾನು ಜರ್ಸಿ ಸಿಟಿ. ಎಡಿಸನ್‌ನವನ ಕೆಲಸ ಜುಲೈ ಕೊನೆಯಲ್ಲಿ ಹೋಯಿತು. ಎಚ್-1ಬಿ ಅನ್ನುವ ಕೆಲಸದ ವೀಸಾ ಆದ್ದರಿಂದ ಬೇರೆ ಕೆಲಸ ಹಿಡಿಯಲು ಇಲ್ಲವೇ ದೇಶ ಬಿಡಲು 60 ದಿನದ ಗಡುವು. ಬೇರೆ ಕೆಲಸ ಹುಡುಕುವುದಿಲ್ಲ, ಊರಿಗೆ ಹೋಗುತ್ತೇನೆ ಅಂದುಬಿಟ್ಟಿದ್ದಾನೆ. ಹೆಂಡತಿ, ಮಗಳು ಆಗಲೇ ಹಾಸನ ಸೇರಿದ್ದಾರೆ. ಸೋಫಾ, ಟಿವಿ, ಮಿಕ್ಸಿ ಎಲ್ಲ ಹಂಚಿ ಆಯಿತು. ಉಳಿದಿರುವುದು 2014ರ ಹೋಂಡಾ ಅಕಾರ್ಡ್. ಅದು ಫ್ರೀಮಾಂಟ್‌ನವನಿಗೆ ಬೇಕಂತೆ.

ಟ್ರಕ್ಕಿಗೆ ಹಾಕಿ ಕಳಿಸುವ ಬದಲು ನಾಲ್ಕೂ ಜನ ಓಡಿಸಿಕೊಂಡು ಹೋಗೋಣ ಅಂತ ಮಾತಾಗಿದೆ. ಸೆಪ್ಟೆಂಬರ್ 8ಕ್ಕೆ ಹೊರಟರೆ 12 ದಿನ ಸಿಗುತ್ತದೆ. ಅವನ ಫ್ಲೈಟ್ ಸ್ಯಾನ್ ಫ್ರಾನ್ಸಿಸ್ಕೋದಿಂದ 22ಕ್ಕೆ. ಇಷ್ಟು ವರ್ಷ ಈ ದೇಶದಲ್ಲಿದ್ದು ನಾವು ಮೂವರು ಶಿಕಾಗೋ ಆಚೆಯ ರಸ್ತೆಯನ್ನೇ ನೋಡಿಲ್ಲ. ಐ-80 ಹೆದ್ದಾರಿ ಹಿಡಿದು ನೆಟ್ಟಗೆ ಹೋಗುವುದಾ, ಬೇರೆ ದಾರಿ ಇದೆಯಾ? ಇಬ್ಬರು ಮೊಟ್ಟೆಯನ್ನೂ ತಿನ್ನುವುದಿಲ್ಲ.

ಇನ್ನೊಂದು ಮಾತು. ಅವನ ಹೆಂಡತಿ ಬೆಳೆಸಿದ ಕರಿಬೇವಿನ ಕುಂಡ ಇದೆ, ಒಂಬತ್ತು ವರ್ಷದ್ದು. ಹಿಂದಿನ ಸೀಟಿನಲ್ಲಿ ಇಟ್ಟು ಕ್ಯಾಲಿಫೋರ್ನಿಯಾಕ್ಕೆ ತಗೊಂಡು ಹೋಗಬಹುದಾ?

ಫ್ರೀಮಾಂಟ್ ಫಿಲ್ಟರ್ · ಆಗಸ್ಟ್ 21

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕರಿಬೇವು ತರಲೇಬೇಡಿ. ಗಡಿಯಲ್ಲಿ ಕೃಷಿ ಇಲಾಖೆಯ ತಪಾಸಣೆ ಇದೆ. ಐ-80ರಲ್ಲಿ ಬಂದರೆ ಟ್ರಕ್ಕೀ ಹತ್ತಿರ ಗಾಡಿ ನಿಲ್ಲಿಸಿ ಹಣ್ಣು, ಗಿಡ ಏನಾದರೂ ಇದೆಯಾ ಅಂತ ಕೇಳುತ್ತಾರೆ. ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುವ ಸಿಲಿಡ್ ಅನ್ನುವ ಸಣ್ಣ ಹುಳು ಇದೆ. ಕರಿಬೇವು ಅದರ ಅಚ್ಚುಮೆಚ್ಚಿನ ಮನೆ. ರೋಗ ಬಂದ ಮರಕ್ಕೆ ಔಷಧಿ ಇಲ್ಲ, ಕಡಿದೇ ಹಾಕಬೇಕು. ಇಲ್ಲಿ ಕಿತ್ತಳೆ ಅಂದರೆ ಕೋಟಿಗಟ್ಟಲೆ ವ್ಯವಹಾರ. ಸುಮ್ನೆ ಗಡಿಯಲ್ಲಿ ಕುಂಡ ಕಳೆದುಕೊಂಡು ಅಳಬೇಡಿ. ಅಲ್ಲೇ ಯಾರಿಗಾದರೂ ಕೊಡಿ.

ಡೆನ್ವರ್ ದೋಸೆ · ಆಗಸ್ಟ್ 21

12 ದಿನ ಇದ್ದರೆ ಐ-80ರಲ್ಲೇ ಪೂರ್ತಿ ಹೋಗುವುದು ಪಾಪ. ಅದು ಲಾರಿಯವರ ದಾರಿ. ಐ-80 ನ್ಯೂಜೆರ್ಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಸುಮಾರು 2,900 ಮೈಲಿ, ಬರೀ ಓಡಿಸುವ ಸಮಯವೇ 43 ಗಂಟೆ. ಶಿಕಾಗೋದವರೆಗೆ ಅದರಲ್ಲೇ ಬನ್ನಿ. ಅಲ್ಲಿಂದ ಐ-90 ಹಿಡಿದು ಮೇಲಕ್ಕೆ ಹೋಗಿ. ವಿಸ್ಕಾನ್ಸಿನ್, ಮಿನೆಸೋಟ, ಸೌತ್ ಡಕೋಟ. ಬ್ಯಾಡ್‌ಲ್ಯಾಂಡ್ಸ್ ನೋಡಿ. ಆಮೇಲೆ ವಯೋಮಿಂಗ್, ಯೆಲ್ಲೋಸ್ಟೋನ್, ಟೀಟನ್, ಕೆಳಗಿಳಿದು ಸಾಲ್ಟ್ ಲೇಕ್ ಸಿಟಿ. ಆರೇಳುನೂರು ಮೈಲಿ ಜಾಸ್ತಿ ಆಗುತ್ತದೆ. ಆಗಲಿ ಬಿಡಿ.

ನಂಬರಿನ ಗುಟ್ಟು ಒಂದು ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ. ಇಂಟರ್‌ಸ್ಟೇಟ್‌ಗಳಲ್ಲಿ ಸಮಸಂಖ್ಯೆ ಪೂರ್ವ ಪಶ್ಚಿಮ, ಬೆಸಸಂಖ್ಯೆ ಉತ್ತರ ದಕ್ಷಿಣ. ಐ-10 ಕೆಳಗೆ, ಐ-90 ಮೇಲೆ. ಐ-5 ಪಶ್ಚಿಮದ ಕಡಲ ಕಡೆ, ಐ-95 ನಿಮ್ಮ ಮನೆ ಕಡೆ. ಹಳೇ ಯುಎಸ್ ಹೈವೇಗಳಲ್ಲಿ ಇದು ಪೂರ್ತಿ ತಿರುವು ಮುರುವು, ಸಣ್ಣ ನಂಬರ್ ಪೂರ್ವದಲ್ಲಿ, ಉತ್ತರದಲ್ಲಿ.

ದಿನಕ್ಕೆ 500 ಮೈಲಿ ಮೀರಬೇಡಿ. ಮೊದಲೆರಡು ದಿನ ಮೀರಿದರೆ ಪರವಾಗಿಲ್ಲ, ಪೆನ್ಸಿಲ್ವೇನಿಯಾ ದಾಟುವುದೇ ಒಂದು ಯುಗ.

ನೇರ ಮಾತು · ಆಗಸ್ಟ್ 22

ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಹಾಕಿ. 3,600 ಮೈಲಿ, ಗ್ಯಾಲನ್‌ಗೆ 30 ಅಂದರೆ 120 ಗ್ಯಾಲನ್ ಪೆಟ್ರೋಲ್. ರಾತ್ರಿಗೆ ಎರಡು ರೂಮಿನಂತೆ 11 ರಾತ್ರಿ. ನಾಲ್ಕು ಜನರ ಊಟ. ಇಬ್ಬರು ವಾಪಸ್ ಬರುವ ಫ್ಲೈಟ್. ರಜೆ ಹಾಳು. ಟ್ರಕ್ಕಿಗೆ ಹಾಕಿದರೆ ಇದಕ್ಕಿಂತ ತುಂಬಾ ಕಮ್ಮಿ ಆಗುತ್ತದೆ. ಕೆಲಸ ಹೋದವನಿಗೆ ಈ ಖರ್ಚು ಬೇಕಾ?

ಮೂರನೇ ಬೆಂಚು · ಆಗಸ್ಟ್ 22

ಲೆಕ್ಕ ಸರಿ ಇದೆ ಸಾರ್. ಅವನ ಪಾಲು ನಾವು ಮೂವರು ಹಾಕುತ್ತಿದ್ದೇವೆ. ಅವನಿಗೆ ಹೇಳಿಲ್ಲ. ಇಲ್ಲಿ ಅವನು ಓದುವುದಿಲ್ಲ ಅಂದುಕೊಂಡಿದ್ದೇನೆ.

ಸ್ಟೆಪ್ನಿ · ಆಗಸ್ಟ್ 22

ಗಾಡಿ ವಿಷಯ ನನಗೆ ಬಿಡಿ.

ಹೊರಡುವ ಮೊದಲು ಟೈರ್ ನೋಡಿ. ಒಂದು ಸೆಂಟ್ ನಾಣ್ಯವನ್ನು ತಲೆಕೆಳಗಾಗಿ ಟೈರಿನ ಸೀಳಿನಲ್ಲಿ ಇಡಿ. ಲಿಂಕನ್ ತಲೆ ಪೂರ್ತಿ ಕಂಡರೆ ಟೈರ್ ಮುಗಿದಿದೆ. ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿಯ ಗಾಳಿ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಹತ್ತು ವರ್ಷದಿಂದ ಕತ್ತಲೆಯಲ್ಲಿ ಮಲಗಿರುತ್ತದೆ. ಆ ಸಣ್ಣ ಟೈರಿಗೆ 60 ಪಿಎಸ್‌ಐ ಬೇಕು, ದೊಡ್ಡ ಟೈರಿನ ಸುಮಾರು ಎರಡರಷ್ಟು. ಅದನ್ನು ಹಾಕಿಕೊಂಡು 50ರ ಮೇಲೆ ಓಡಿಸುವ ಹಾಗಿಲ್ಲ. ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಸ್ಟೆಪ್ನಿಯೇ ಇರುವುದಿಲ್ಲ, ಒಂದು ಡಬ್ಬಿ ಅಂಟು ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ನಿಮ್ಮದರಲ್ಲಿ ಇರಬೇಕು.

ಸೌತ್ ಡಕೋಟ, ವಯೋಮಿಂಗ್ ಕಡೆ ಬಂಕಿನಲ್ಲಿ ಅಗ್ಗದ ಹಿಡಿಕೆ 85 ಆಕ್ಟೇನ್ ಇರುತ್ತದೆ. ನಿಮ್ಮ ಗಾಡಿಗೆ 87 ಬೇಕು. ಅಭ್ಯಾಸಬಲದಿಂದ ಮೊದಲ ಬಟನ್ ಒತ್ತಬೇಡಿ. ನ್ಯೂಜೆರ್ಸಿಯವರಿಗೆ ಈ ಬಟನ್ನೇ ಹೊಸದು, ಅಲ್ವಾ? ನಿಮ್ಮಲ್ಲಿ ಬಂಕಿನವರೇ ಹಾಕಬೇಕು ಅಂತ ಕಾನೂನು.

ನ್ಯೂಜೆರ್ಸಿಯ ನಂಬರ್ ಪ್ಲೇಟ್ ಗಾಡಿಯ ಜೊತೆ ಕೊಡುವಂತಿಲ್ಲ. ಬಿಚ್ಚಿ ಅಲ್ಲಿನ ಮೋಟಾರು ಇಲಾಖೆಗೆ ವಾಪಸ್ ಮಾಡಬೇಕು, ಆಮೇಲೆ ಇನ್ಶೂರೆನ್ಸ್ ರದ್ದು ಮಾಡಿಸಬೇಕು. ಈ ಕ್ರಮ ತಪ್ಪಿಸಬೇಡಿ. ಮನುಷ್ಯ ಹಾಸನದಲ್ಲಿ ಕೂತಿರುವಾಗ ನೋಟಿಸ್ ಎಡಿಸನ್‌ಗೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಗೆ ಸ್ಮಾಗ್ ಟೆಸ್ಟ್ ಬೇಕು.

ಒಗ್ಗರಣೆ ಡಬ್ಬಿ · ಆಗಸ್ಟ್ 22

ಊಟದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನೀವೆಲ್ಲ ಗಂಡಸರು ಅಂತ ಗೊತ್ತಾಗುತ್ತದೆ.

ಮೂರು ಕಪ್ಪಿನ ಸಣ್ಣ ರೈಸ್ ಕುಕ್ಕರ್ ತಗೊಳ್ಳಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ತೆಳು ಅವಲಕ್ಕಿ. ಮೊಸರು ಎಲ್ಲ ಕಡೆ ಸಿಗುತ್ತದೆ, ಡಬ್ಬದ ಮೇಲೆ ಸಕ್ಕರೆ ಇಲ್ಲ, ವೆನಿಲಾ ಇಲ್ಲ ಅಂತ ನೋಡಿ ಕೊಳ್ಳಿ. ನಾವು ಒಮ್ಮೆ ವೆನಿಲಾ ಮೊಸರನ್ನ ತಿಂದಿದ್ದೇವೆ. ಮಗ ಇವತ್ತಿಗೂ ಬಿಟ್ಟಿಲ್ಲ.

ಮೋಟೆಲ್ ರೂಮಿನಲ್ಲಿ ಅನ್ನ ಮಾಡಿ, ಒಗ್ಗರಣೆ ಮಾತ್ರ ಹಾಕಬೇಡಿ. ನಾನು ಅಯೋವಾದಲ್ಲಿ ಹಾಕಿದೆ. ಸಾಸಿವೆ ಚಟಪಟ ಅನ್ನುವ ಮೊದಲೇ ಹೊಗೆಯ ಅಲಾರಂ ಹೊಡೆದುಕೊಂಡಿತು. ರಾತ್ರಿ ಹನ್ನೊಂದಕ್ಕೆ ಇಡೀ ಮಹಡಿ ಹೊರಗೆ. ಮಾಲೀಕರು ಗುಜರಾತಿನವರು. ಬಾಗಿಲಲ್ಲಿ ನಿಂತು ಮೂಗು ಏರಿಸಿ ಇಂಗು ಅಂದರು, ಅಷ್ಟೇ. ದಂಡ ಹಾಕಲಿಲ್ಲ.

ಸಣ್ಣ ಊರಿನ ಮೆಕ್ಸಿಕನ್ ಹೋಟೆಲಿನಲ್ಲಿ ಅರೆದ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕುವುದುಂಟು, ಅನ್ನಕ್ಕೆ ಕೋಳಿಯ ಸಾರು. ಕೇಳಿ ತಿನ್ನಿ. ಟ್ಯಾಕೋ ಬೆಲ್‌ನ ಬೀನ್ಸ್‌ಗೆ ಆ ಭಯ ಇಲ್ಲ. ಐ-80ರಲ್ಲೇ ಹೋಗುವುದಾದರೆ ವಯೋಮಿಂಗ್‌ನ ಲಾರಮಿ ಹತ್ತಿರ ಸರ್ದಾರ್ಜಿ ಲಾರಿ ಡ್ರೈವರ್‌ಗಳಿಗೆ ಅಂತಲೇ ಢಾಬಾ ಇದೆ, ಬಿಸಿ ಬಿಸಿ ಪರಾಠ. ಐ-90ರಲ್ಲಿ ಅಂಥ ಭಾಗ್ಯ ಕಮ್ಮಿ.

ಕರಿಮೆಣಸು · ಆಗಸ್ಟ್ 23

ನಾವು ಐದು ಜನ ಗೆಳತಿಯರು ದಕ್ಷಿಣದ ದಾರಿಯಲ್ಲಿ ಐ-40 ಹಿಡಿದು ಹೋಗಿದ್ದೆವು, ಹಳೇ ರೂಟ್ 66ರ ಪಕ್ಕದಲ್ಲೇ. ಅದೂ ಚೆಂದ. ಆದರೆ ಸೆಪ್ಟೆಂಬರ್‌ಗೆ ನಾನೂ ಉತ್ತರದ ದಾರಿಗೇ ಓಟು ಹಾಕುತ್ತೇನೆ.

ಕಾಗದಪತ್ರದ ಬಗ್ಗೆ ಹೇಳುತ್ತೇನೆ. ಪಾಸ್‌ಪೋರ್ಟ್, ದೇಶದೊಳಗೆ ಬಂದ ದಾಖಲೆಯಾದ ಐ-94ರ ಪ್ರಿಂಟ್, ಎಚ್-1ಬಿ ಮಂಜೂರಾದ ಪತ್ರ ಐ-797, ಇವು ಗಾಡಿಯಲ್ಲಿ ಇರಲಿ, ಡಿಕ್ಕಿಯೊಳಗಿನ ಸೂಟ್‌ಕೇಸಿನಲ್ಲಿ ಅಲ್ಲ. 18 ದಾಟಿದ ವಿದೇಶಿಯರು ದಾಖಲೆ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಅಂತ ಇಲ್ಲಿ ಕಾನೂನೇ ಇದೆ. ಕೆಲಸ ಹೋಗಿ 60 ದಿನದಲ್ಲಿ ಇರುವವರು ಕೆಲಸ ಮುಗಿದ ದಿನಾಂಕದ ಪತ್ರ, ವಾಪಸ್ ಟಿಕೆಟ್ ಕೂಡ ಇಟ್ಟುಕೊಳ್ಳಿ.

ಪೊಲೀಸ್ ಹಿಂದೆ ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಕೈ ಸ್ಟಿಯರಿಂಗ್ ಮೇಲೆ ಇಟ್ಟು ಒಳಗೇ ಕೂತಿರಿ. ನಮ್ಮ ಊರಿನ ಅಭ್ಯಾಸದಲ್ಲಿ ಇಳಿದು ಅವರ ಹತ್ತಿರ ಹೋಗಬೇಡಿ. ನಮ್ಮ ಗೆಳತಿಯೊಬ್ಬಳು ಓಕ್ಲಹೋಮದಲ್ಲಿ ವಿನಯವಾಗಿ ಇಳಿದೇ ಬಿಟ್ಟಳು. ಮೈಕಿನಲ್ಲಿ ಕೂಗಿದ್ದು ಕೇಳಿ ನಮಗೆಲ್ಲ ಜೀವ ಬಾಯಿಗೆ ಬಂದಿತ್ತು. ಪಕ್ಕದಲ್ಲಿ ಪೊಲೀಸ್ ಗಾಡಿ ನಿಂತಿದ್ದರೆ ಒಂದು ಲೇನ್ ಬಿಟ್ಟು ಹೋಗಬೇಕು. ಇದು 50 ರಾಜ್ಯದಲ್ಲೂ ಇದೆ.

ರಾಷ್ಟ್ರೀಯ ಉದ್ಯಾನಗಳ ವರ್ಷದ ಪಾಸ್ ತಗೊಳ್ಳಿ. ಇಲ್ಲಿ ವಾಸ ಇರುವವರಿಗೆ 80 ಡಾಲರ್, ಹೊರದೇಶದವರಿಗೆ 2026ರಿಂದ 250. ಗುರುತಿನ ಚೀಟಿ ತೋರಿಸಬೇಕು. ಮೌಂಟ್ ರಶ್ಮೋರ್‌ನ ಪಾರ್ಕಿಂಗ್‌ಗೆ ಮಾತ್ರ ಅದು ನಡೆಯುವುದಿಲ್ಲ.

ಮತ್ತೆ ದುಡ್ಡಿನ ವಿಷಯ. ದಿನಾ ಆ್ಯಪಿನಲ್ಲಿ ಲೆಕ್ಕ ಬರೆಯಬೇಡಿ. ಎಲ್ಲರೂ ಮೊದಲೇ ಒಂದಷ್ಟು ಒಂದು ಲಕೋಟೆಗೆ ಹಾಕಿ. ಖಾಲಿ ಆದಾಗ ಮತ್ತೆ ಹಾಕಿ. ಕಾಫಿಗೆ ಯಾರು ಕೊಟ್ಟರು ಅನ್ನುವ ಮಾತೇ ಬರುವುದಿಲ್ಲ.

ಡೆನ್ವರ್ ದೋಸೆ · ಆಗಸ್ಟ್ 23

ಇನ್ನೊಂದು ಆಸೆ ಹುಟ್ಟಿಸುತ್ತೇನೆ. ಸಾಲ್ಟ್ ಲೇಕ್‌ನಿಂದ ಐ-80ಗೆ ಹೋಗದೆ ಕೆಳಗಿಳಿದು ಯುಎಸ್-50 ಹಿಡಿಯಿರಿ. 1986ರಲ್ಲಿ ಲೈಫ್ ಪತ್ರಿಕೆ ನೆವಾಡಾದ ಈ ರಸ್ತೆಯನ್ನು ಅಮೆರಿಕದ ಅತ್ಯಂತ ಒಂಟಿ ರಸ್ತೆ ಅಂತ ಕರೆಯಿತು. ಯಾರೂ ಹೋಗಬೇಡಿ ಅನ್ನುವ ಅರ್ಥದಲ್ಲಿ ಬಂದ ಮಾತು. ನೆವಾಡಾದವರು ಅದನ್ನೇ ಬೋರ್ಡ್ ಮಾಡಿ ರಸ್ತೆ ಬದಿ ನೆಟ್ಟರು. ಈಲಿಯಿಂದ ಯುರೇಕಾ 77 ಮೈಲಿ, ಅಲ್ಲಿಂದ ಆಸ್ಟಿನ್ 70, ಅಲ್ಲಿಂದ ಫ್ಯಾಲನ್ 110. ನಡುವೆ ಪೆಟ್ರೋಲ್ ಅಂತ ನಂಬಿಕೊಳ್ಳುವ ಹಾಗಿಲ್ಲ.

ನೇರ ಮಾತು · ಆಗಸ್ಟ್ 23

ಏನೂ ಇಲ್ಲದ ರಸ್ತೆಯಲ್ಲಿ ಏನು ನೋಡುತ್ತೀರಿ?

ಡೆನ್ವರ್ ದೋಸೆ · ಆಗಸ್ಟ್ 23

ಪಕ್ಕದಲ್ಲಿ ಕೂತವನನ್ನು.

ಮೂರನೇ ಬೆಂಚು · ಸೆಪ್ಟೆಂಬರ್ 11

ಸೌತ್ ಡಕೋಟದ ವಾಲ್ ಊರಿನ ಮೋಟೆಲಿನಿಂದ ಬರೆಯುತ್ತಿದ್ದೇನೆ. ಮೂವರೂ ಗೊರಕೆ ಹೊಡೆಯುತ್ತಿದ್ದಾರೆ. ಹಾಸ್ಟೆಲಿನಲ್ಲೂ ನನಗೇ ನಿದ್ದೆ ಬರುತ್ತಿರಲಿಲ್ಲ.

ಚೇಂಬರ್ಲೇನ್ ಹತ್ತಿರ ಮಿಸ್ಸೌರಿ ನದಿ ಬಂತು. ಅಲ್ಲಿ ಹೈವೇ ಪಕ್ಕದ ವಿಶ್ರಾಂತಿ ತಾಣದಲ್ಲಿ 50 ಅಡಿ ಎತ್ತರದ ಹೆಣ್ಣಿನ ಪ್ರತಿಮೆ ಇದೆ, ಡಿಗ್ನಿಟಿ ಅಂತ. ಈ ನೆಲದ ಮೂಲ ಜನರ ಹೆಣ್ಣುಮಗಳು, ಬೆನ್ನಿಗೆ ನಕ್ಷತ್ರದ ಕೌದಿ ಹೊದ್ದು ನಿಂತಿದ್ದಾಳೆ. ಕೌದಿ ಅಂದಿದ್ದು ನಮ್ಮ ಷಾರ್ಲಟ್‌ನವನು. ಅವನ ಅಜ್ಜಿ ಧಾರವಾಡದ ಕಡೆಯವರು. ಶೌಚಕ್ಕೆ ನಿಲ್ಲಿಸಿದವರು ಮುಕ್ಕಾಲು ಗಂಟೆ ಅಲ್ಲೇ ಇದ್ದೆವು.

ಆಮೇಲೆ ವಾಲ್ ಡ್ರಗ್. ದಾರಿಯುದ್ದಕ್ಕೂ ನೂರಾರು ಮೈಲಿಯಿಂದಲೇ ಬೋರ್ಡು. 1931ರಲ್ಲಿ ಗಂಡ ಹೆಂಡತಿ ಈ ಬಯಲಿನ ಊರಲ್ಲಿ ಔಷಧಿ ಅಂಗಡಿ ಕೊಂಡರಂತೆ. ಗಿರಾಕಿಯೇ ಇಲ್ಲ. ಬಿಸಿಲಲ್ಲಿ ಗಾಡಿಗಳು ಹಾಗೇ ಹಾದುಹೋಗುತ್ತಿದ್ದವು. ಬಿಟ್ಟಿ ಐಸ್ ನೀರು ಕೊಡುತ್ತೇವೆ ಅಂತ ಬೋರ್ಡ್ ಹಾಕೋಣ ಅಂದದ್ದು ಹೆಂಡತಿ. ಈಗ ಅದು ಜಾತ್ರೆಯಷ್ಟು ದೊಡ್ಡ ಅಂಗಡಿ. ನೀರು ಇನ್ನೂ ಬಿಟ್ಟಿ, ಕಾಫಿ 5 ಸೆಂಟ್. ಇದು ಅರವಟ್ಟಿಗೆಯೇ ಅಲ್ವಾ? ನಮ್ಮಲ್ಲಿ ಅರವಟ್ಟಿಗೆ ಇಟ್ಟವರು ಪುಣ್ಯ ಸಂಪಾದಿಸಿದರು, ಇವರು ಕಟ್ಟಡ.

ಸ್ಟೆಪ್ನಿ · ಸೆಪ್ಟೆಂಬರ್ 11

ಗಾಳಿ ನೋಡಿದಿರಾ?

ಮೂರನೇ ಬೆಂಚು · ಸೆಪ್ಟೆಂಬರ್ 24

ಮುಗಿಯಿತು. 19ಕ್ಕೆ ಫ್ರೀಮಾಂಟ್ ಸೇರಿದೆವು. 22ಕ್ಕೆ ಅವನನ್ನು ಏರ್‌ಪೋರ್ಟಿಗೆ ಬಿಟ್ಟೆವು. ಒಟ್ಟು 3,740 ಮೈಲಿ. ನಾನು ನಿನ್ನೆ ಜರ್ಸಿ ಸಿಟಿಗೆ ಬಂದೆ. ಆರು ಗಂಟೆಯಲ್ಲಿ ಅಷ್ಟೂ ವಾಪಸ್. ಕಿಟಕಿಯಿಂದ ನೋಡಿದರೆ ಬರೀ ಮೋಡ.

ಮೌಂಟ್ ರಶ್ಮೋರ್ ಹತ್ತು ನಿಮಿಷದ ಕೆಲಸ. ಫೋಟೋದಲ್ಲಿ ಇದ್ದಷ್ಟೇ ಇದೆ. 1927ರಿಂದ 1941ರವರೆಗೆ ಗುಡ್ಡ ಕೊರೆದು ನಾಲ್ಕು ಅಧ್ಯಕ್ಷರ ಮುಖ ಮಾಡಿದ್ದಾರೆ, ಕೆಲಸ ದೊಡ್ಡದೇ. ಆದರೆ ಆ ಗುಡ್ಡಗಳನ್ನು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರಿಗೆ ಬಿಟ್ಟುಕೊಡುವುದಾಗಿ 1868ರಲ್ಲಿ ಒಪ್ಪಂದ ಆಗಿತ್ತು. ಚಿನ್ನ ಸಿಕ್ಕ ಮೇಲೆ ಕಿತ್ತುಕೊಂಡರು. 1980ರಲ್ಲಿ ಸುಪ್ರೀಂ ಕೋರ್ಟು ಪರಿಹಾರ ಕೊಡಬೇಕು ಅಂದಿತು. ಅವರು ಆ ದುಡ್ಡು ಮುಟ್ಟಿಲ್ಲ, ಗುಡ್ಡ ಕೊಡಿ ಅನ್ನುತ್ತಾರೆ. ಇದನ್ನು ಓದಿದ ಮೇಲೆ ಆ ಮುಖಗಳ ಮುಂದೆ ಸೆಲ್ಫಿಗೆ ನಗುವುದು ಕಷ್ಟವಾಯಿತು. ಆದರೂ ನಕ್ಕೆವು, ಫೋಟೋ ಇದೆ.

ಬಿಗ್‌ಹಾರ್ನ್ ಬೆಟ್ಟ ಹತ್ತಿದ್ದು ಯುಎಸ್-16ರಲ್ಲಿ. ಪೌಡರ್ ರಿವರ್ ಪಾಸ್ 9,666 ಅಡಿ. ಸೆಪ್ಟೆಂಬರ್‌ನಲ್ಲೇ ಹಿಮದ ಹುಡಿ ಬೀಳುತ್ತಿತ್ತು. ನಾವು ಪಂಚೆಯಲ್ಲಿ ಇಳಿಯಬೇಕು ಅಂತ ಕಾಲೇಜಿನಲ್ಲಿ ಯಾವಾಗಲೋ ಪಣ ಕಟ್ಟಿದ್ದೆವಂತೆ, ಹಿಮ ಕಂಡರೆ ಪಂಚೆ ಅಂತ. ಹೊರಡುವವನು ನಾಲ್ಕು ಪಂಚೆ ತಂದಿದ್ದ. ಇನ್ನೇನು ಮಾಡುವುದು, ಉಟ್ಟೆವು.

ಯೆಲ್ಲೋಸ್ಟೋನ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕಾಡೆಮ್ಮೆಯಂಥ ಬೈಸನ್ ಹಿಂಡು ರಸ್ತೆಗೆ ಬಂದು 40 ನಿಮಿಷ ನಿಂತಿತು. 25 ಗಜ ದೂರ ಇರಬೇಕು ಅಂತ ನಿಯಮ. ಅದಕ್ಕೆ ಗೊತ್ತಿಲ್ಲ, ನಮ್ಮ ಕನ್ನಡಿಯ ಪಕ್ಕವೇ ಉಸಿರು ಬಿಟ್ಟು ಹೋಯಿತು.

ಈಗ ಯುಎಸ್-50. ಈಲಿ ಬಿಟ್ಟು ಒಂದು ಗಂಟೆ ಆಗಿರಬೇಕು. ಒಂದು ಬೆಟ್ಟದ ಸಾಲು ಹತ್ತಿ ಇಳಿದರೆ ಉದ್ದದ ಬಯಲು. ಬಯಲಿನ ತುದಿಗೆ ಇನ್ನೊಂದು ಸಾಲು. ರಸ್ತೆ ನೂಲು ಹಿಡಿದ ಹಾಗೆ ನೇರ. ಮಳೆ ಬಿದ್ದಿದ್ದರಿಂದ ಸೇಜ್ ಗಿಡದ ಘಾಟು, ನಮ್ಮ ಕಡೆಯ ಲಕ್ಕಿಗಿಡದ ಹಾಗೆ. ಅಲ್ಲಿ ಹಿಂದಿನ ಬಲ ಟೈರ್ ಪಂಚರ್. ಫೋನಿಗೆ ಒಂದು ಗೆರೆಯೂ ಇಲ್ಲ. ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ, ಒತ್ತಿದರೆ ಹಲಸಿನ ಹಣ್ಣು. ಹೌದು, ನೀವು ಎರಡು ಸಲ ಕೇಳಿದ್ದಿರಿ. ನಾನು ನೋಡಿರಲಿಲ್ಲ.

ಎರಡು ಗಂಟೆ ಕೂತೆವು. ಅಷ್ಟರಲ್ಲಿ ಬಂದದ್ದು ಮೂರು ಗಾಡಿ. ಮೊದಲ ಎರಡಕ್ಕೆ ನಾವೇ ಕೈ ತೋರಿಸಲಿಲ್ಲ, ಮಾತು ನಡೆಯುತ್ತಿತ್ತು. ಗೊಜ್ಜವಲಕ್ಕಿ ಹಂಚಿಕೊಂಡು ತಿನ್ನುವಾಗ ಅವನು ಹೇಳಿದ. ಕೆಲಸ ಹೋದ ದಿನ ಮನೆಗೆ ಹೋಗದೆ ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ, ಇದೇ ಗಾಡಿಯಲ್ಲಿ, ಕತ್ತಲಾಗುವವರೆಗೆ ಕೂತಿದ್ದನಂತೆ. ಆ ಸಂಜೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾನೊಂದು ಜೋಕ್ ಹಾಕಿದ್ದೆ. ಅವನು ನಗುವ ಮುಖ ಹಾಕಿದ್ದ. ನಮಗೆ ವಿಷಯ ಗೊತ್ತಾದದ್ದು ಎರಡು ವಾರದ ಮೇಲೆ. ಗ್ರೀನ್ ಕಾರ್ಡಿನ ಸರದಿಗೆ ಅವನು ಸೇರಿದ ದಿನ, ಅಂದರೆ ಪ್ರಯಾರಿಟಿ ಡೇಟ್, 2016ರದ್ದು. ಸರದಿ ಬರುವಷ್ಟರಲ್ಲಿ ಮಗಳಿಗೆ 21 ಆಗಿಬಿಡುತ್ತದೆ, ಆಮೇಲೆ ಅವಳು ಅವನ ಅರ್ಜಿಯಲ್ಲಿ ಸೇರುವುದಿಲ್ಲ, ಅದಕ್ಕೇ ಸಾಕು ಅನ್ನಿಸಿತು ಅಂದ. ಅವನ ಭಯ ಕೆಲಸದ್ದಲ್ಲ. ಹಾಸನದ ಶಾಲೆಯಲ್ಲಿ ಮಗಳ ಕನ್ನಡ ಕೇಳಿ ಉಳಿದವರು ನಕ್ಕರೆ ಅಂತ.

ಶಿಕಾಗೋದಲ್ಲಾಗಲಿ, ಯೆಲ್ಲೋಸ್ಟೋನ್‌ನಲ್ಲಾಗಲಿ ಅವನು ಈ ಮಾತು ಆಡಿರಲಿಲ್ಲ. ಅಲ್ಲಿ ನೋಡಲು ಏನಾದರೂ ಇರುತ್ತಿತ್ತು. ಮುಂದೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ, ಪಟ್ಟಿಯಿಂದ ಎರಡು ಜಾಗ ತೆಗೆದುಹಾಕಿ.

ಮೂರನೇ ಗಾಡಿ ಒಬ್ಬ ವಯಸ್ಸಾದ ರೈತರ ಪಿಕಪ್. ದನ ಸಾಕುವವರು. ಅವರ ಹತ್ತಿರ ಪಂಚರ್ ಹಾಕುವ ಸಾಮಾನು, ಗಾಳಿ ಪಂಪು ಎರಡೂ ಇತ್ತು. ಮೊಳೆ ಕಿತ್ತು, ಅಂಟಿನ ಬತ್ತಿ ತುರುಕಿ, ಹತ್ತು ನಿಮಿಷದಲ್ಲಿ ಮುಗಿಸಿದರು. ನಾನು ಗಾಬರಿಯಲ್ಲಿ ಸ್ಟೆಪ್ನಿ ಸ್ಟೆಪ್ನಿ ಅನ್ನುತ್ತಿದ್ದೆ, ಅದು ನನ್ನ ಹೆಸರು ಅಂದುಕೊಂಡರು. ಹೊರಡುವಾಗ ಗುಡ್ ಲಕ್ ಸ್ಟೆಪ್ನಿ ಅಂದರು. ದುಡ್ಡು ಬೇಡ ಅಂದರು. ಚಟ್ನಿಪುಡಿಯ ಪೊಟ್ಟಣ ಕೊಟ್ಟೆವು. ಏನು ಮಾಡಿದರೋ ಗೊತ್ತಿಲ್ಲ.

ಸ್ಟೆಪ್ನಿ · ಸೆಪ್ಟೆಂಬರ್ 24

ಹೇಳಿದ್ದೆ.

ನನ್ನ ಹೆಸರಿಗೆ ಗುಡ್ ಲಕ್ ಸಿಕ್ಕಿದ್ದಕ್ಕೆ ಮಾತ್ರ ಕ್ಷಮಿಸಿದ್ದೇನೆ. ಆ ಬತ್ತಿ ತಾತ್ಕಾಲಿಕ. ಫ್ರೀಮಾಂಟ್‌ನವರಿಗೆ ಹೇಳಿ, ಒಳಗಿನಿಂದ ಪ್ಯಾಚ್ ಹಾಕಿಸಲಿ.

ನೇರ ಮಾತು · ಸೆಪ್ಟೆಂಬರ್ 25

ಒಟ್ಟು ಎಷ್ಟು ಖರ್ಚಾಯಿತು?

ಮೂರನೇ ಬೆಂಚು · ಸೆಪ್ಟೆಂಬರ್ 25

ಲಕೋಟೆ ಮೂರು ಸಲ ತುಂಬಿಸಿದೆವು. ನಿಮ್ಮ ಅಂದಾಜಿಗಿಂತ ಜಾಸ್ತಿಯೇ ಆಯಿತು ಸಾರ್. ಇನ್ನೊಂದು ವಿಷಯ. ಊರಿಗೆ ಹೋಗುವವನು ತನ್ನ ಪಾಲು ಪೂರ್ತಿ ಗಾಡಿಯ ಗ್ಲೋವ್ ಬಾಕ್ಸಿನಲ್ಲಿ ಇಟ್ಟು ಹೋಗಿದ್ದಾನೆ. ಜೊತೆಗೆ ಒಂದು ಚೀಟಿ: ಮೂರನೇ ಬೆಂಚು ಅಂತ ಹೆಸರಿಟ್ಟುಕೊಂಡರೆ ಗೊತ್ತಾಗುವುದಿಲ್ವೇನೋ?

ಒಗ್ಗರಣೆ ಡಬ್ಬಿ · ಸೆಪ್ಟೆಂಬರ್ 25

ಅಯ್ಯೋ ದೇವರೇ. ನಮಸ್ಕಾರ ಹಾಸನದವರೇ, ಓದುತ್ತಿದ್ದರೆ.

ಸುಮ್ನೆ ಓದುವವ · ಅಕ್ಟೋಬರ್ 19

ಇಷ್ಟೆಲ್ಲ ಆಯಿತು, ಆ ಕರಿಬೇವಿನ ಗಿಡ ಏನಾಯಿತು ಅಂತ ಯಾರೂ ಹೇಳಲೇ ಇಲ್ಲವಲ್ಲ?

ಮೂರನೇ ಬೆಂಚು · ಅಕ್ಟೋಬರ್ 19

ನನ್ನ ಮನೆಯಲ್ಲಿದೆ. ನಾಲ್ಕನೇ ಮಹಡಿಯ ಬಾಲ್ಕನಿ. ದಿನಾ ನೀರು ಹಾಕುತ್ತಿದ್ದೇನೆ. ಆದರೂ ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ.

ಹಾಸನದ ತುಂತುರು · ಅಕ್ಟೋಬರ್ 20

ಹೊಸ ಖಾತೆ, ಇದೇ ಮೊದಲ ಸಲ ಬರೆಯುತ್ತಿದ್ದೇನೆ.

ದಿನಾ ನೀರು ಹಾಕಬೇಡ ಮಾರಾಯ. ಬೆರಳು ಇಟ್ಟು ನೋಡು, ಮಣ್ಣು ಒಣಗಿದ್ದರೆ ಮಾತ್ರ. ಇವತ್ತೇ ಒಳಗೆ ತಗೋ, ದಕ್ಷಿಣದ ಕಿಟಕಿ ಹತ್ತಿರ ಇಡು. ಹೀಟರ್ ಮುಂದೆ ಬೇಡ. ಚಳಿಗಾಲದಲ್ಲಿ ಗೊಬ್ಬರ ಹಾಕಬೇಡ. ಎಲೆ ಎಲ್ಲ ಉದುರಿದರೂ ಎಸೆಯಬೇಡ, ಏಪ್ರಿಲ್‌ಗೆ ಚಿಗುರುತ್ತದೆ. ಆಗ ಹುಳಿ ಮಜ್ಜಿಗೆ ನೀರು ಮಾಡಿ ಹಾಕು. ಎಲೆ ಬೇಕಾದಾಗ ಒಂದೊಂದೇ ಬಿಡಿಸಬೇಡ, ಕಡ್ಡಿ ಸಮೇತ ಮುರಿ, ಅಲ್ಲಿಂದ ಎರಡು ಕವಲು ಬರುತ್ತದೆ.

ಇದೆಲ್ಲ ನಾನು ಹೇಳುತ್ತಿರುವುದಲ್ಲ. ಅವಳು ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ಕುಂಡದ ಫೋಟೋ ಹಾಕಬೇಕಂತೆ, ಇವತ್ತೇ.